ಗುಳ್ಳೆ ಏಳದ ತೋಳು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ನನ್ನನ್ನು ಮೊದಲು ವರ್ಗಾವಣೆಯ ವಿಷಯ ಕೇಳುತ್ತಾರೆ, ಆಮೇಲೆ ಬಡ್ತಿಯ ವಿಷಯ. ಎರಡರಲ್ಲೂ ನನಗೆ ಹೇಳಿಕೊಳ್ಳುವಂಥ ಅನುಭವವಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ಮಕ್ಕಳ ಎಡತೋಳು. ಗೌರಿಬಿದನೂರು ತಾಲ್ಲೂಕಿನಲ್ಲಿ ಕೆಲವು ವರ್ಷ, ಆಮೇಲೆ ನಿವೃತ್ತಿಯವರೆಗೂ ಮಂಡಿಕಲ್ ಹೋಬಳಿಯಲ್ಲಿ, ನಾನು ನೋಡಿದಷ್ಟು ಎಡತೋಳುಗಳನ್ನು ಬಳೆಗಾರರೂ ನೋಡಿರಲಾರರು. ಕ್ಷಯಕ್ಕೆ ತಡೆಯಾಗಿ ಹಾಕುವ ಬಿಸಿಜಿ ಸೂಜಿ ಅಲ್ಲಿಗೇ ಬೀಳುವುದು.

ಹಾಗೆ ನೋಡಿದರೆ ನಾನು ಮನೆಯ ಹೆಂಗಸೇ. ದಾದಿ ತರಬೇತಿ ಮುಗಿಸಿ ಮದುವೆಯಾದವಳು ಬಹಳ ವರ್ಷ ಒಲೆ, ಕೊಟ್ಟಿಗೆ, ಮಕ್ಕಳು ಅಂತಲೇ ಇದ್ದೆ. ಮಕ್ಕಳು ಸ್ಕೂಲಿಗೆ ಹೋಗುವ ಹಾಗಾದ ಮೇಲೆ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಹೊರಟರೆ ಸಂಜೆ ದೀಪದ ಹೊತ್ತಿಗೆ ಮನೆ. ಸಂಜೆ ಗಂಗಮ್ಮನ ಪಟದ ಮುಂದೆ ನಿಂತು ಆವತ್ತಿನ ಒಂದು ಒಳ್ಳೆಯದನ್ನು ಬಾಯಿಬಿಟ್ಟು ಹೇಳುವುದು ನಮ್ಮ ತಾಯಿ ಕಲಿಸಿದ ರೂಢಿ. ಬಸ್ಸಿನಲ್ಲಿ ಸೀಟು ಸಿಕ್ಕಿತು ತಾಯಿ, ಲಸಿಕೆ ಪೆಟ್ಟಿಗೆಯ ಐಸು ಕರಗಲಿಲ್ಲ ತಾಯಿ, ಹೆರಿಗೆ ಸಲೀಸಾಯಿತು ತಾಯಿ. ಇಷ್ಟೇ. ದೊಡ್ಡ ದೊಡ್ಡ ಉಪಕಾರ ನಾನು ಕೇಳಿದವಳಲ್ಲ, ಆದದ್ದನ್ನು ಮರೆತವಳೂ ಅಲ್ಲ.

ಈಗಿನ ಹುಡುಗಿಯರಿಗೆ ಗಾಜಿನ ಸಿರಿಂಜು ಗೊತ್ತಿಲ್ಲ. ಸೀಮೆಎಣ್ಣೆ ಸ್ಟೋವಿನ ಮೇಲೆ ಕುಕ್ಕರಿನಂಥ ಪಾತ್ರೆಯಿಟ್ಟು ಸಿರಿಂಜು, ಸೂಜಿ ಎಲ್ಲ ಬೇಯಿಸಿಕೊಳ್ಳುತ್ತಿದ್ದೆವು. ಒಂದು ಸಿರಿಂಜಿನ ಕೊಳವೆಗೆ ಇನ್ನೊಂದರ ಒತ್ತುವ ದಂಟು ಹಾಕಿದರೆ ಔಷಧ ಹಿಂದಿನಿಂದ ಸೋರುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಹಾಗೆ ಮಾಡಿ ಔಷಧವನ್ನೆಲ್ಲ ನನ್ನ ಸೀರೆಗೇ ಹಾಕಿಕೊಂಡಿದ್ದೆ. ಮೇಲ್ವಿಚಾರಕಿ ರುಕ್ಮಿಣಮ್ಮ ನೋಡಿ, "ಸೀರೆಗೆ ಇನ್ನು ಕ್ಷಯ ಬರಲ್ಲ ಬಿಡು" ಅಂದರು. ಆಮೇಲೆ ಒಂದು ಸಲ ಒತ್ತಿದರೆ ತಾನೇ ಬೀಗ ಬೀಳುವ ಸಿರಿಂಜು ಬಂತು. ಬೇಯಿಸುವ ಕೆಲಸ ತಪ್ಪಿತು. ಅದನ್ನೂ ನಾನು ದೇವರಿಗೆ ಹೇಳಿದ್ದೇನೆ.

ಬಿಸಿಜಿ ಹಾಕುವುದು ಮಿಕ್ಕ ಸೂಜಿಯ ಹಾಗಲ್ಲ. ಮಾಂಸಕ್ಕೆ ಇಳಿಯಬಾರದು, ಚರ್ಮದ ಪದರದಲ್ಲೇ ನಿಲ್ಲಬೇಕು. ಸರಿಯಾಗಿ ಬಿದ್ದರೆ ಕಿತ್ತಳೆ ಸಿಪ್ಪೆಯ ಹಾಗೆ ಒಂದು ಬೊಕ್ಕೆ ಎದ್ದು ಸ್ವಲ್ಪ ಹೊತ್ತಿಗೆ ಅಡಗುತ್ತದೆ. ಕೆಲವು ವಾರ ಏನೂ ಇರುವುದಿಲ್ಲ. ಆಮೇಲೆ ಅದೇ ಜಾಗದಲ್ಲಿ ಗುಳ್ಳೆ ಎದ್ದು, ಕೀವು ತುಂಬಿ, ಒಡೆದು, ಒಣಗಿ, ಜನ್ಮಕ್ಕೂ ಉಳಿಯುವ ಕಲೆಯಾಗುತ್ತದೆ. ತಾಯಂದಿರಿಗೆ ಭಯವಾಗುವುದು ಆ ಗುಳ್ಳೆ ಎದ್ದಾಗ. ಅಲೀಪುರದಲ್ಲಿ ಒಬ್ಬರು ಅಜ್ಜಿ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ಹಿಡಿದು, "ನಿನ್ ಸೂಜೀಗೆ ತುಕ್ಕು ಇತ್ತಾ ಬೇಟಿ, ನೋಡು, ಹುಡುಗನ ಕೈ ಹಣ್ಣಾಗೋಯ್ತು" ಅಂದಿದ್ದರು. ನಾನು ನನ್ನ ರವಿಕೆಯ ತೋಳು ಸರಿಸಿ ನನ್ನ ಕಲೆ ತೋರಿಸಿದೆ. ಅವರೂ ತಮ್ಮ ಸೊಸೆಯ ತೋಳು ಎಳೆದು ನೋಡಿದರು. ಅಲ್ಲೂ ಇತ್ತು. ಆಮೇಲೆ ನನಗೆ ಚಹಾ ಕೊಟ್ಟು ಕಳಿಸಿದರು.

ಆವತ್ತಿನಿಂದ ನಾನು ಎಲ್ಲ ತಾಯಂದಿರಿಗೂ ಮೊದಲೇ ಹೇಳಿಬಿಡುತ್ತಿದ್ದೆ. ಗುಳ್ಳೆ ಏಳುತ್ತದೆ, ಎಣ್ಣೆ ಹಚ್ಚಬೇಡಿ, ಅರಿಸಿನ ಮೆತ್ತಬೇಡಿ, ಮಗುವಿನ ಅಂಗಿಯ ಎಡತೋಳನ್ನು ಮಾತ್ರ ಸಡಿಲವಾಗಿ ಹೊಲಿಯಿರಿ, ಉಜ್ಜುವುದಿಲ್ಲ.

ಮಂಡಿಕಲ್ ಹೋಬಳಿಗೆ ಬಂದ ಮೇಲೆ ನಮ್ಮ ಆರೋಗ್ಯ ಉಪಕೇಂದ್ರದ ಹಳ್ಳಿಯಲ್ಲಿ ಮಂಜುಳ ಅಂತ ಒಬ್ಬಳು ಹೊಲಿಗೆಯವಳಿದ್ದಳು. ಗಂಡ ನಾರಾಯಣಸ್ವಾಮಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದ. ಅವನು ಅವಳಿಗೆ ಸ್ವಂತ ಸೋದರಮಾವ, ತಾಯಿಯ ತಮ್ಮ. ಹಾಗಾಗಿ ಅವಳ ಅತ್ತೆ ಮುನಿವೆಂಕಟಮ್ಮ ಅವಳಿಗೆ ತಾಯಿಯ ತಾಯಿ. ಮಂಜುಳ ಗಂಡನನ್ನು ಮಾಮ ಅಂತಲೂ ಅತ್ತೆಯನ್ನು ಅವ್ವ ಅಂತಲೂ ಕರೆಯುತ್ತಿದ್ದಳು. ನಮ್ಮ ಕಡೆ ಇದು ಯಾರ ಕಣ್ಣಿಗೂ ಬೀಳುವ ವಿಷಯವಲ್ಲ. ಅತ್ತೆ ಸೊಸೆ ಜಗಳವಿಲ್ಲದ ಮನೆ ಅಂತ ನಾನೇ ಆ ಮನೆಯನ್ನು ಹೊಗಳುತ್ತಿದ್ದೆ.

ನಾನು ಆ ಊರಿಗೆ ಹೋಗುವ ಮೊದಲೇ ಅವಳಿಗೆ ಎರಡು ಮಕ್ಕಳಾಗಿ, ಎರಡೂ ತಾಯಿಹಾಲು ಬಿಡುವ ಮುಂಚೆಯೇ ಹೋಗಿದ್ದವು. ಒಂದಕ್ಕೆ ಕಫ ಅಂದರು, ಇನ್ನೊಂದಕ್ಕೆ ಭೇದಿ ಅಂದರು. ಎರಡು ಬೇರೆ ಬೇರೆ ಕಾಯಿಲೆ, ಎರಡು ಬೇರೆ ಬೇರೆ ದುಃಖ ಅಂತಲೇ ಎಲ್ಲರೂ ತಿಳಿದಿದ್ದರು. ಮೂರನೆಯದು ಗಂಡು, ಚರಣ. ಹೆರಿಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಯಿತು, ಬಿಸಿಜಿಯೂ ಅಲ್ಲೇ ಆಯಿತು. ನಮ್ಮದು ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಆಸುಪಾಸು ಅದು. ನಾನು ಬಾಣಂತಿಯನ್ನು ನೋಡಲು ಹೋದಾಗ ಸಡಿಲ ತೋಳಿನ ವಿಷಯ ಹೇಳಿದ್ದೆ. ಮಂಜುಳ ಆವತ್ತೇ ಬಟ್ಟೆ ಕತ್ತರಿಸಿದಳು. ಬಲತೋಳು ಬಿಗಿ, ಎಡತೋಳು ಗಿಳಿ ರೆಕ್ಕೆಯ ಹಾಗೆ ಅಗಲ. ನೋಡಲು ತಮಾಷೆಯಾಗಿತ್ತು.

ಗುಳ್ಳೆ ಏಳಲೇ ಇಲ್ಲ. ಮಿಕ್ಕ ಸೂಜಿಗಳಿಗೆ ಕೇಂದ್ರಕ್ಕೆ ಕರೆದುಕೊಂಡು ಬಂದಾಗಲೂ ಆ ಅಗಲದ ತೋಳಿನೊಳಗೆ ಚರ್ಮ ನುಣ್ಣಗಿತ್ತು. ಮುನಿವೆಂಕಟಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ನಿಮ್ ಸೂಜೀಗೆ ನಮ್ ಹುಡುಗ ಕ್ಯಾರೇ ಅನ್ಲಿಲ್ಲ ನೋಡಮ್ಮ ನರ್ಸಮ್ಮ" ಅಂದರು. ಎರಡು ಮಕ್ಕಳನ್ನು ಕಳೆದುಕೊಂಡ ಮನೆಗೆ ಈ ಸಲ ದೇವಿ ಗಟ್ಟಿ ಮಗುವನ್ನು ಕೊಟ್ಟಿದ್ದಾಳೆ, ಕೀವಿಲ್ಲ, ನೋವಿಲ್ಲ ಅಂತ ಗಂಗಮ್ಮನಿಗೆ ತಂಬಿಟ್ಟಿನ ಆರತಿ ಮಾಡಿದರು. ಬಾಳೆ ಎಲೆಯಲ್ಲಿ ಸುತ್ತಿ ನನಗೂ ತಂದುಕೊಟ್ಟರು. ಕಣ್ಣಿಗೊತ್ತಿಕೊಂಡು ತಿಂದೆ. ಗುಳ್ಳೆ ಏಳದ ಮಕ್ಕಳು ಆಗೊಮ್ಮೆ ಈಗೊಮ್ಮೆ ಇರುತ್ತಾರೆ, ಅವರು ಚೆನ್ನಾಗಿಯೇ ಬೆಳೆಯುತ್ತಾರೆ, ಮತ್ತೆ ಸೂಜಿ ಹಾಕುವುದು ಬೇಡ ಅಂತ ನಮಗೆ ಮೇಲಿಂದ ಹೇಳಿದ್ದರು. ಅದು ನಿಜವೇ. ಆ ಸಂಜೆ ದೀಪದ ಮುಂದೆ ನಾನು ಹೇಳಿದ ಒಳ್ಳೆಯದು ಚರಣನ ನುಣುಪಾದ ತೋಳು.

ಆಮೇಲೆ ಮಗುವಿನ ನಾಲಿಗೆ ಮೇಲೆ ಮೊಸರು ಹೆಪ್ಪುಗಟ್ಟಿದ ಹಾಗೆ ಬಿಳಿ ಬಂತು. ಔಷಧ ಹಚ್ಚಿದರೆ ಹೋಗುವುದು, ಮತ್ತೆ ಬರುವುದು. ಭೇದಿ ನಿಲ್ಲಲಿಲ್ಲ. ತೂಕದ ಬುಟ್ಟಿಯಲ್ಲಿ ಕೂರಿಸಿದರೆ ಮುಳ್ಳು ಹೋದ ತಿಂಗಳು ನಿಂತಲ್ಲೇ ನಿಂತಿತ್ತು. ಮಂಡಿಕಲ್ಲಿನ ನಮ್ಮ ಆಸ್ಪತ್ರೆಗೆ ಆಗ ಜೈನಬ್ ಅಂತ ಹೊಸ ಡಾಕ್ಟರು ಬಂದಿದ್ದರು, ಅಲೀಪುರದವರು, ನನ್ನ ಮಗಳ ವಯಸ್ಸು. ಮಂಜುಳ ಮಗುವನ್ನು ಅವರಿಗೆ ತೋರಿಸಿದ ದಿನ ನಾನೂ ಇದ್ದೆ. ಅವರು ಎದೆಗೆ ಕೊಳವೆಯಿಟ್ಟು ಕೇಳಿದರು. ಆಮೇಲೆ ಎಡಗಂಕುಳಿಗೆ ಬೆರಳು ಹಾಕಿ ಒತ್ತಿ ನೋಡಿದರು. ಅಲ್ಲೊಂದು ಗಂಟು, ನೆಲ್ಲಿಕಾಯಿಯಷ್ಟು.

"ಈ ತೋಳಲ್ಲಿ ಗುಳ್ಳೆ ಎದ್ದಿತ್ತಾ?" ಅಂತ ಕೇಳಿದರು.

"ಇಲ್ಲ ಡಾಕ್ಟ್ರೇ, ಒಂದು ಚೂರೂ ಇಲ್ಲ" ಅಂದಳು ಮಂಜುಳ, ಒಳ್ಳೆಯ ಸುದ್ದಿ ಹೇಳುವ ಹಾಗೆ.

"ಮುಂಚೆ ಮಕ್ಕಳಾಗಿದ್ವಾ ಅಮ್ಮ?"

ಮಂಜುಳ ಹೇಳಿದಳು. ಜೈನಬ್ ಡಾಕ್ಟರು ಮಗುವಿನ ಅಂಗಿಯ ತೋಳನ್ನು ನಿಧಾನವಾಗಿ ಕೆಳಗೆಳೆದರು. ಆವತ್ತೇ ಬೆಂಗಳೂರಿಗೆ ಕಳಿಸಿದರು.

ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಎರಡು ಸಲ ನಾನೂ ಹೋಗಿ ಬಂದೆ. ಅಲ್ಲಿ ರಕ್ತ ನೋಡಿದರು, ಎದೆಯ ಎಕ್ಸ್‌ರೇ ನೋಡಿದರು. ಎಳೆ ಮಕ್ಕಳ ಎಕ್ಸ್‌ರೇಯಲ್ಲಿ ಎದೆಮೂಳೆಯ ಹಿಂದೆ ಒಂದು ಗ್ರಂಥಿಯ ನೆರಳು ಕಾಣಬೇಕಂತೆ, ಥೈಮಸ್ ಅಂತ. ಚರಣನಿಗೆ ಆ ಜಾಗ ಖಾಲಿಯಿತ್ತು. ರಕ್ತದಲ್ಲಿ ರೋಗದ ಜೊತೆ ಹೋರಾಡುವ ಟಿ ಕೋಶಗಳು ಇಲ್ಲವೇ ಇಲ್ಲ ಅಂದರು. ಇನ್ನೊಬ್ಬರ ಅಸ್ಥಿಮಜ್ಜೆ ಕೊಟ್ಟು ಇಂಥ ಮಕ್ಕಳನ್ನು ಉಳಿಸಿಕೊಂಡದ್ದುಂಟು, ಆದರೆ ಅದು ಸೋಂಕು ಹಬ್ಬುವ ಮೊದಲು ಆಗಬೇಕು, ಇವನಿಗೆ ತೋಳಿಗೆ ಹಾಕಿದ ಬಿಸಿಜಿಯಲ್ಲಿರುವ, ಬಲ ಕುಂದಿಸಿದ ಜೀವಂತ ಕ್ರಿಮಿಯೇ ಮೈತುಂಬ ಹಬ್ಬಿದೆ ಅಂದರು. ಕ್ಷಯದ ಮಾತ್ರೆಗಳನ್ನು ಪುಡಿ ಮಾಡಿ ಕೊಟ್ಟರು. ಮಗು ಅಲ್ಲೇ ಹೋಯಿತು, ಬೆಳಗಿನ ಹೊತ್ತು, ತಾಯಿಯ ತೊಡೆಯ ಮೇಲೆ. ಕೊನೆಗೆ ಆ ನುಣುಪು ತೋಳೂ ಒಡೆದು ಹುಣ್ಣಾಗಿತ್ತು.

ನನಗೆ ಅರ್ಥವಾಗಲಿಲ್ಲ. ಊರಿನ ಮಕ್ಕಳಿಗೆಲ್ಲ ಒಳ್ಳೆಯದು ಮಾಡುವ ಸೂಜಿ ಇವನೊಬ್ಬನಿಗೆ ಹೀಗೇಕೆ? ಗುಳ್ಳೆ ಏಳದಿದ್ದರೆ ಒಳ್ಳೆಯದಲ್ಲವೇ? ತಡೆಯಲಾರದೆ ಜೈನಬ್ ಡಾಕ್ಟರನ್ನು ಕೇಳಿದೆ. ಅವರು ಹೊರರೋಗಿಗಳೆಲ್ಲ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನು ತಿಳಿದಿರಬೇಕು ಅಂತ ನನಗೆ ತಿಳಿದ ಹಾಗೆ ಬರೆಯುತ್ತೇನೆ.

"ದನದ ಸಂತೇಲಿ ಟವೆಲ್ ಕೆಳಗೆ ಬೆರಳು ಹಿಡ್ಕೊಂಡು ವ್ಯಾಪಾರ ಮಾಡೋದು ನೋಡಿದೀರಲ್ಲ ಸಿಸ್ಟರ್, ಹಂಗೇ ಇದು" ಅಂದರು. ರೋಗದ ಕ್ರಿಮಿ ನಮ್ಮ ಮೈಯ ಒಂದು ಕೋಶದೊಳಗೆ ಹೊಕ್ಕರೆ, ಆ ಕೋಶ ಅದನ್ನು ಚೂರು ಮಾಡಿ ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಚಾಚುತ್ತದೆ. ಟಿ ಕೋಶ ಬಂದು ಬೆರಳಿನಿಂದ ಮುಟ್ಟಿ ನೋಡುತ್ತದೆ. ಆ ಬೆರಳಿಗೇ ಟಿ ಕೋಶದ ಗ್ರಾಹಕ, ಇಂಗ್ಲಿಷಿನಲ್ಲಿ ರಿಸೆಪ್ಟರ್, ಅಂತ ಹೆಸರು. ಎರಡು ಎಳೆ ಜೋಡಿಸಿದ ಬೆರಳು ಅದು. ಬುಡ ಎಲ್ಲ ಕೋಶಗಳಲ್ಲೂ ಒಂದೇ ಥರ, ತುದಿ ಮಾತ್ರ ಕೋಶದಿಂದ ಕೋಶಕ್ಕೆ ಬೇರೆ. ಒಂದು ಕೋಶದ ಮೈಮೇಲೆ ಅಂಥ ಸಾವಿರಾರು ಬೆರಳಿದ್ದರೂ ಎಲ್ಲದರ ತುದಿಯೂ ಒಂದೇ ಆಕಾರ. ಅದು ಚೂರನ್ನೊಂದೇ ನೋಡುವುದಿಲ್ಲ, ಅಂಗೈಯನ್ನೊಂದೇ ನೋಡುವುದಿಲ್ಲ, ಎರಡನ್ನೂ ಒಟ್ಟಿಗೆ ಮುಟ್ಟಿ ಇದು ನಮ್ಮದೋ ಹೊರಗಿನದೋ ತಿಳಿಯುತ್ತದೆ. ಬೆರಳಿಗೆ ಮುಟ್ಟುವುದಷ್ಟೇ ಗೊತ್ತು, ಒಳಕ್ಕೆ ಸುದ್ದಿ ಮುಟ್ಟಿಸಲು ಪಕ್ಕದಲ್ಲೇ ಬೇರೆ ಎಳೆಗಳಿವೆ. ಸುದ್ದಿ ಮುಟ್ಟಿದರೆ ಆ ಒಂದು ಕೋಶ ನೂರಾಗಿ ಸಾವಿರವಾಗಿ ಅಲ್ಲಿಗೆ ನುಗ್ಗುತ್ತದೆ.

"ತೋಳಿನ ಗುಳ್ಳೆ ಅಂದ್ರೆ ಸೂಜಿ ಮಾಡಿದ ಗಾಯ ಅಲ್ಲ ಸಿಸ್ಟರ್. ಇವರು ಬಂದು ಸೇರಿದ ಜಾಗ ಅದು."

ಇಷ್ಟೊಂದು ಬಗೆಯ ತುದಿ ಎಲ್ಲಿಂದ ಬರುತ್ತದೆ ಅಂತ ಕೇಳಿದೆ. ಮೈಯೊಳಗೆ ಒಂದು ಕತ್ತರಿಯಿದೆಯಂತೆ. ಟೈಲರು ಮಿಕ್ಕ ಬಟ್ಟೆಯ ತುಂಡುಗಳನ್ನು ಒಂದೊಂದು ಸಲ ಒಂದೊಂದು ಥರ ಜೋಡಿಸಿ ಹೊಲಿದ ಹಾಗೆ, ಒಂದೊಂದು ಟಿ ಕೋಶವೂ ಡಿಎನ್‌ಎ ಅನ್ನುವ ತನ್ನ ವಂಶದ ಎಳೆಯನ್ನು ಕತ್ತರಿಸಿ, ಜೋಡಿಸಿ, ತನ್ನದೇ ತುದಿ ಮಾಡಿಕೊಳ್ಳುತ್ತದೆ. ಆ ಕೆಲಸ ನಡೆಯುವುದು ಎದೆಮೂಳೆಯ ಹಿಂದಿನ ಥೈಮಸ್ಸಿನಲ್ಲಿ. ಅಂಗೈ ಓದಲು ಬಾರದ ಬೆರಳಿನವು ಅಲ್ಲೇ ಸಾಯುತ್ತವೆ, ನಮ್ಮ ಮೈಯ ಮೇಲೇ ಜಗಳಕ್ಕೆ ಬೀಳುವಂಥವನ್ನೂ ಅಲ್ಲೇ ಮುಗಿಸಿಬಿಡುತ್ತದೆ, ಉಳಿದ ಕೆಲವೇ ಹೊರಗೆ ಬರುತ್ತವೆ. ಈ ಮನೆಯ ಮಕ್ಕಳಲ್ಲಿ ಕೆಟ್ಟಿರುವುದು ಆ ಕತ್ತರಿಯೇ ಇರಬೇಕು ಅಂತ ಬೆಂಗಳೂರಿನವರು ಹೇಳಿದ್ದರು. ಕತ್ತರಿಯಿಲ್ಲ, ಅದಕ್ಕೇ ಬೆರಳಿಲ್ಲ, ಬೆರಳಿಲ್ಲದ ಕೋಶ ಬದುಕುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ರಕ್ಷಣೆ ಸ್ವಲ್ಪ ದಿನ ಕಾಯುತ್ತದೆ. ಅದು ಮುಗಿದ ಮೇಲೆ ಒಂದು ಮಗುವಿಗೆ ಕಫ, ಇನ್ನೊಂದಕ್ಕೆ ಭೇದಿ. ಹೆಸರು ಬೇರೆ ಬೇರೆಯಾದರೂ ಒಳಗಿನ ಕೊರತೆ ಒಂದೇ.

ಚರಣನ ತೋಳಿಗೆ ಯಾರೂ ಬಂದಿರಲಿಲ್ಲ. ನಾವು ತಂಬಿಟ್ಟು ಮಾಡಿದ್ದು ಅದಕ್ಕೆ.

ಸೋದರಮಾವನ ಮದುವೆಯ ಮಾತೂ ಬಂತು. ವಂಶದ ಕೆಟ್ಟ ಎಳೆ ಗಂಡನಲ್ಲಿ ಒಂದು, ಹೆಂಡತಿಯಲ್ಲಿ ಒಂದು ಇದ್ದರೆ ಇಬ್ಬರಿಗೂ ಏನೂ ಆಗುವುದಿಲ್ಲ, ಮಗುವಿಗೆ ಎರಡೂ ಕಡೆಯಿಂದ ಅದೇ ಬಂದರೆ ಮಾತ್ರ ಹೀಗಾಗುತ್ತದೆ, ಒಂದೇ ಮನೆಯವರಾದರೆ ಆ ಸಂಭವ ಹೆಚ್ಚು ಅಂತ ಜೈನಬ್ ಡಾಕ್ಟರು ಮೂವರನ್ನೂ ಕೂರಿಸಿ ಮೆಲ್ಲಗೆ ಹೇಳಿದರು. ನಾರಾಯಣಸ್ವಾಮಿ ನೆಲ ನೋಡುತ್ತಿದ್ದ. ಮುನಿವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಪರಾಯಿ ಮನೇಲಿ ಕಷ್ಟ ಬೀಳ್ಬಾರ್ದು, ನನ್ ಮಗಳ ಮಗಳು ನನ್ ಕಣ್ಮುಂದೆ ಇರ್ಲಿ ಅಂತ ತಂದ್ಕೊಂಡೆ ಕಣಮ್ಮ. ಬೇರೆ ಏನೂ ಆಸೆ ಇರ್ಲಿಲ್ಲ ನಂಗೆ."

ಮಂಜುಳ ಎದ್ದು ಹೋಗಿ ಅವರ ಪಕ್ಕ ಕೂತಳು. ಅವ್ವ, ಸುಮ್ನಿರು ಅಂದಳು. ಆ ಮನೆಯಲ್ಲಿ ಜಗಳ ಆಗಲೂ ಆಗಲಿಲ್ಲ.

ನಾನು ಸಂಜೆಯ ದೀಪ ಬಿಡಲಿಲ್ಲ, ಆದರೆ ಒಳ್ಳೆಯದು ಹೇಳುವುದು ನಿಂತುಹೋಯಿತು. ಯಾವುದು ಒಳ್ಳೆಯದು ಅಂತ ನನಗೆ ತಿಳಿಯುತ್ತದೆ ಅನ್ನುವ ಧೈರ್ಯ ಹೋಗಿತ್ತು. ಎಣ್ಣೆ ಹಾಕುವುದು, ಬತ್ತಿ ಹಚ್ಚುವುದು, ಕೈ ಮುಗಿದು ಒಳಗೆ ಹೋಗುವುದು. ನಮ್ಮೆಜಮಾನರು, "ಇವತ್ತೇನೂ ಇಲ್ವಾ?" ಅಂತ ಒಂದು ದಿನ ಕೇಳಿ, ಆಮೇಲೆ ಕೇಳುವುದು ಬಿಟ್ಟರು.

ಒಂದೆರಡು ವರ್ಷದ ಮೇಲೆ ಮಂಜುಳ ಮತ್ತೆ ಬಸಿರಾದಳು. ಬೇಕು ಅಂತ ಆದದ್ದೋ ಆಗಿಹೋದದ್ದೋ ನಾನು ಕೇಳಲಿಲ್ಲ. ಈ ಸಲವೂ ಹಾಗೇ ಆಗುವ ಸಂಭವ ನಾಲ್ಕರಲ್ಲಿ ಒಂದು, ಮಗು ಹುಟ್ಟಿದ ಕೂಡಲೇ ರಕ್ತ ಕಳಿಸೋಣ, ವರದಿ ಬರುವ ತನಕ ಬಿಸಿಜಿ ಬೇಡ, ಜೀವಂತ ಕ್ರಿಮಿಯೇ ಇರುವ ಪೋಲಿಯೋ ಹನಿಯೂ ಬೇಡ ಅಂತ ಜೈನಬ್ ಡಾಕ್ಟರು ಆಸ್ಪತ್ರೆಗೆ ಮೊದಲೇ ಬರೆದು ಕಳಿಸಿದರು. ಹೆಣ್ಣು ಮಗುವಾಯಿತು. ಎಳೆ ಕೂಸಿನ ರಕ್ತ ಬೆಂಗಳೂರಿಗೆ ಹೋಯಿತು.

ಊರಿನಲ್ಲಿ ಸುದ್ದಿ ಬೇರೆ ಥರ ಹಬ್ಬಿತು. ನರ್ಸಮ್ಮನೇ ಆ ಮಗುವಿಗೆ ಸೂಜಿ ಬೇಡ ಅಂದಿದ್ದಾಳೆ. ಸೂಜಿ ಹಾಕುವ ದಿನ ಕೇಂದ್ರದ ಜಗಲಿಯಲ್ಲಿ ನಾಲ್ಕೈದು ಜನ ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತರು. ಅವರಿಗೆ ಬೇಡದ್ದು ನಮಗ್ಯಾಕೆ ಅಂತ ಒಬ್ಬಳು ಕೇಳಿದಳು. ರುಕ್ಮಿಣಮ್ಮನೂ ಆವತ್ತು ತಪಾಸಣೆಗೆ ಬಂದಿದ್ದರು. ನೀನೇ ಇದಕ್ಕೆ ದಾರಿ ಮಾಡಿಕೊಟ್ಟೆ ಅನ್ನುವ ಹಾಗೆ ನನ್ನನ್ನು ನೋಡಿದರು. ನಾನು ಥೈಮಸ್ಸು, ಬೆರಳು ಅಂತ ತಡವರಿಸುತ್ತಿದ್ದೆ. ಮಂಜುಳ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ತನ್ನ ಮನೆಯಿಂದ ಬಂದು ಜಗಲಿಯ ಕೆಳಗೆ ನಿಂತಳು.

"ನನ್ ಮಗ ಒಳಗಡೆ ಕೈ ಇಲ್ದೆ ಹುಟ್ಟಿದ್ದ ಕಣ್ರಮ್ಮ. ಹೊರಗಡೆ ಕಾಣ್ತಿರ್ಲಿಲ್ಲ. ನಿಮ್ ಮಕ್ಕಳಿಗೆ ಇದೆ. ಸುಮ್ನೆ ಹಾಕಿಸ್ಕೊಳ್ಳಿ."

ಅಷ್ಟೇ ಹೇಳಿ ಹೋದಳು. ಆವತ್ತು ಯಾರೂ ವಾಪಸು ಹೋಗಲಿಲ್ಲ. ರುಕ್ಮಿಣಮ್ಮ ತಾವೇ ಸಿರಿಂಜು ಎತ್ತಿಕೊಟ್ಟರು.

ಬೆಂಗಳೂರಿನ ವರದಿ ಬಂತು. ಹುಡುಗಿಯ ಟಿ ಕೋಶಗಳು ಇರಬೇಕಾದಷ್ಟು ಇವೆ ಅಂತ ಜೈನಬ್ ಡಾಕ್ಟರು ಮನೆಗೇ ಬಂದು ಹೇಳಿದರು. ಬಿಸಿಜಿಯನ್ನು ಈ ಸಲ ನಾನೇ ಹಾಕಿದೆ. ಕಿತ್ತಳೆ ಸಿಪ್ಪೆಯ ಬೊಕ್ಕೆ ಚೆನ್ನಾಗಿ ಎದ್ದಿತು. ಅಂಗಿಯ ಎಡತೋಳು ಸಡಿಲ ಮಾಡಮ್ಮ ಅನ್ನುವ ಮಾತು ನಾಲಿಗೆಯವರೆಗೂ ಬಂತು. ಮಂಜುಳ ನನ್ನ ಮುಖ ನೋಡಲಿಲ್ಲ, ನಾನೂ ಹೇಳಲಿಲ್ಲ. ಅವಳು ಆ ಮಗುವಿಗೆ ಹೊಲಿದಿದ್ದ ಅಂಗಿಗಳೆಲ್ಲ ಎರಡೂ ತೋಳು ಒಂದೇ ಸಮ, ಬಿಗಿ.

ಆ ವಾರಗಳು ನನಗೆ ಉದ್ದವಾದವು. ವರದಿ ಸರಿಯಿದ್ದರೂ ಮನಸ್ಸು ಕೇಳುತ್ತಿರಲಿಲ್ಲ. ಆ ಬೀದಿಗೆ ಹೋದಾಗಲೆಲ್ಲ ಏನಾದರೂ ನೆಪ ಮಾಡಿಕೊಂಡು ಮಗುವನ್ನು ಎತ್ತಿಕೊಳ್ಳುತ್ತಿದ್ದೆ, ತೋಳು ಮಾತ್ರ ನೋಡುತ್ತಿರಲಿಲ್ಲ. ಆ ಮನೆಯವರು ಯಾವ ಹರಕೆಯನ್ನೂ ಹೊರಲಿಲ್ಲ.

ಒಂದು ದಿನ ಮಧ್ಯಾಹ್ನ ನಾನು ಕೇಂದ್ರದಲ್ಲಿ ಒಬ್ಬರ ಕಾಲಿನ ಗಾಯಕ್ಕೆ ಬ್ಯಾಂಡೇಜು ಕಟ್ಟಿ ಕಳಿಸಿ, ತಟ್ಟೆ ಎತ್ತಿಡುತ್ತಿದ್ದೆ. ಮಂಜುಳ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮಗು ಕಿರಿಕಿರಿ ಅಂತ ಅಳುತ್ತಿತ್ತು. ಅವಳು ಮಗುವನ್ನು ಮೇಜಿನ ಮೇಲೆ ಮಲಗಿಸಿ, ಎಡತೋಳನ್ನು ಬೆರಳಿನಿಂದ ಎತ್ತಿ ಹಿಡಿದಳು. ಅಂಗಿಯ ಬಿಗಿ ಅಂಚು ಉಜ್ಜುವ ಜಾಗದಲ್ಲೇ ಕೆಂಪಗೆ ಗುಳ್ಳೆ ಎದ್ದಿತ್ತು. ತುದಿಯಲ್ಲಿ ಹಳದಿ ಕೀವು.

"ಅಕ್ಕ, ನೋಡಿ" ಅಂದಳು.

ನಾನು ನೋಡಿದೆ. ಕಂಕುಳು ಮುಟ್ಟಿದೆ, ಗಂಟಿಲ್ಲ. ಮತ್ತೆ ಮುಟ್ಟಿದೆ. ಅಷ್ಟರಲ್ಲಿ ಅವಳು ನನ್ನ ತಟ್ಟೆಯಲ್ಲಿದ್ದ ಕತ್ತರಿ ತೆಗೆದುಕೊಂಡು, ಹೊಲಿಗೆಯವಳಲ್ಲವೇ, ಎರಡೇ ಕಚ್ಚಿನಲ್ಲಿ ಆ ತೋಳಿನ ಹೊಲಿಗೆಯನ್ನು ಭುಜದವರೆಗೂ ಸೀಳಿದಳು. ಬಟ್ಟೆ ಎರಡು ಕಡೆಗೆ ಬಿದ್ದು ತೋಳು ಗಾಳಿಗೆ ಬಂತು. ಮಗು ಅಳು ನಿಲ್ಲಿಸಿತು.

"ನೋಯ್ತದಾ ಅಕ್ಕ ಇದು ಅವಳಿಗೆ?"

"ಸ್ವಲ್ಪ ನೋಯ್ಬೋದು ಕಣಮ್ಮ."

"ನೋಯ್ಲಿ ಬಿಡಿ" ಅಂದಳು. ಆಮೇಲೆ ಮೇಜಿನ ಅಂಚಿಗೆ ತಲೆಯಿಟ್ಟು ಅತ್ತಳು. ಮಗನ ಹೆಸರು ಹಿಡಿದು ಅತ್ತಳು. ಬೆಂಗಳೂರಿನಲ್ಲೂ, ಊರಿನಲ್ಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಮಗುವಿನ ಮೇಲೆ ನೊಣ ಕೂರದ ಹಾಗೆ ಸೆರಗು ಬೀಸುತ್ತಾ ನಿಂತೆ. ಆ ಹೊತ್ತಿಗೆ ಮಾಡುವಂಥ ಕೆಲಸ ಬೇರೆ ಇರಲಿಲ್ಲ.

ನೀವು ಕೆಲಸಕ್ಕೆ ಸೇರಿದ ಮೇಲೆ ಸೂಜಿ ಹಾಕುವುದನ್ನು ನಿಲ್ಲಿಸಬೇಡಿ. ಗುಳ್ಳೆ ಏಳದ ಮಗುವನ್ನು ಕಂಡು ಹೆದರಲೂ ಬೇಡಿ, ಹೆಚ್ಚಿನವು ಗಟ್ಟಿಯಾಗಿಯೇ ಇರುತ್ತವೆ. ಸಿರಿಂಜು ಎತ್ತುವ ಮೊದಲು ಒಂದು ಮಾತು ಕೇಳಿ, ಈ ಮನೆಯಲ್ಲಿ ಮುಂಚೆ ಎಳೆ ಮಕ್ಕಳು ಹೋಗಿವೆಯಾ ಅಂತ. ಹೋಗಿವೆ ಅಂದರೆ ಡಾಕ್ಟರ ಹತ್ತಿರ ಕಳಿಸಿ. ಆ ಮಾತು ಕೇಳಲು ಸಂಕಟವಾಗುತ್ತದೆ. ಕೇಳಿ.

ಮಂಜುಳ ಅತ್ತು ಹೋದ ಆ ಸಂಜೆ ದೀಪ ಹಚ್ಚಿ ಬಹಳ ಹೊತ್ತು ನಿಂತಿದ್ದೆ. ನಮ್ಮೆಜಮಾನರು ಬಾಗಿಲಲ್ಲಿ ಬಂದು ನಿಂತದ್ದು ಗೊತ್ತಾಯಿತು. ಮಂಜುಳನ ಮಗಳ ತೋಳಲ್ಲಿ ಕೀವು ಬಂದಿದೆ ತಾಯಿ ಅಂದೆ. ಚರಣನಿಗೆ ಬರಲಿಲ್ಲ ಅನ್ನುವುದನ್ನೂ ಹೇಳಿದೆ, ಗಂಗಮ್ಮನಿಗೆ ಗೊತ್ತಿಲ್ಲದ್ದೇನಲ್ಲ.